ಹುಳದ ಮನೆಯಲ್ಲಿ ಗಾಲ್ಫ್

ಮಂಡಿಕಲ್
18 ಆಗಸ್ಟ್ 2024

ಹರಿಣಿ,

ನೀನು ಪುಣೆಯಿಂದ ಕಳಿಸಿದ ಪೆಟ್ಟಿಗೆ ಮಂಗಳವಾರ ಬಂತು. ಆಗ ನಾನು ಭುಜದ ವ್ಯಾಯಾಮಕ್ಕೆಂದು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ. ನಿಮ್ಮಪ್ಪ ಸಹಿ ಹಾಕಿ ತೆಗೆದುಕೊಂಡುಬಿಟ್ಟಿದ್ದಾರೆ. ನಾನು ಮನೆಯಲ್ಲಿದ್ದಿದ್ದರೆ ಬಂದವನ ಕೈಯಲ್ಲೇ ವಾಪಸು ಕಳಿಸುತ್ತಿದ್ದೆ.

ಲಾಂಚ್ ಮಾನಿಟರ್ ಎಂದು ಪೆಟ್ಟಿಗೆಯ ಮೇಲೆಯೇ ಬರೆದಿದೆ. ನಿಮ್ಮ ಗಾಲ್ಫ್ ಅಕಾಡೆಮಿಗೆ ಹೊಸ ಯಂತ್ರ ಬಂದದ್ದರಿಂದ ಹಳೆಯದನ್ನು ನಿನಗೆ ಬಿಟ್ಟುಕೊಟ್ಟರಂತೆ. ನನ್ನ ಚೆಂಡು ಈಗ ನೆಟ್ಟಗೆ ಹೋಗುತ್ತಿಲ್ಲ, ಬಲಕ್ಕೆ ಬಾಗಿ ಹುಲ್ಲುಪೊದೆಗೆ ಬೀಳುತ್ತಿದೆ ಎಂಬ ಸುದ್ದಿಯನ್ನೂ ನಿನಗೆ ಮುಟ್ಟಿಸಿದವರು ನಿಮ್ಮಪ್ಪನೇ ಇರಬೇಕು. ನಿಜ. ಫೆಬ್ರವರಿಯಲ್ಲಿ ಎಡಭುಜದ ಆಪರೇಷನ್ ಆದಮೇಲೆ, ದೂರ ಹಾರಿಸುವ ಡ್ರೈವರ್ ಕೋಲಿನಿಂದ ಒಂದು ಹೊಡೆತವೂ ಹೊಂದಿಬಂದಿಲ್ಲ. ಅರವತ್ತು ವರ್ಷದವಳಿಗೆ ಇಷ್ಟು ಸಾಕು ಎಂದು ಡಾಕ್ಟರು ನಕ್ಕರು. ನಾನು ನಗಲಿಲ್ಲ. ಬರುವ ಮಾರ್ಚ್‌ನಲ್ಲಿ ನಂದಿ ತಪ್ಪಲಿನ ಮೈದಾನದಲ್ಲಿ ಸೇನೆಯಿಂದ ನಿವೃತ್ತರಾದ ಮಹಿಳಾ ಅಧಿಕಾರಿಗಳ ಪಂದ್ಯ ಇದೆ. ನಾನು ಗೆದ್ದ ಪಂದ್ಯ ಅದು. ಕೋಲು ಕೆಳಗಿಟ್ಟು ನೆರಳಲ್ಲಿ ಕೂತು ಚಪ್ಪಾಳೆ ತಟ್ಟಲು ನಾನು ಹೋಗುವುದಿಲ್ಲ.

ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ನೀನು ಆಟ ಬಿಟ್ಟಾಗಿನಿಂದ ಹೀಗೆಯೇ. ಆದ್ದರಿಂದ ಕಾಗದ ಬರೆಯುತ್ತಿದ್ದೇನೆ. ಇದನ್ನು ಚಾಲೂ ಮಾಡುವುದು ಹೇಗೆಂದು ತಿಳಿಸು. ಅಷ್ಟು ತಿಳಿಸಿದರೆ ಸಾಕು, ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ.

ಇಂತಿ,
ಅಮ್ಮ


ಪುಣೆ
27 ಆಗಸ್ಟ್ 2024

ಪ್ರೀತಿಯ ಅಮ್ಮ,

ನಿನ್ನ ಅಕ್ಷರ ನೋಡಿ ಎಷ್ಟು ದಿನವಾಗಿತ್ತು!

ಯಂತ್ರವನ್ನು ಚೆಂಡಿಗೆ ಒಂದು ಮೊಳ ದೂರದಲ್ಲಿ, ನಿನ್ನ ಎದುರಿಗೆ ನೆಲದ ಮೇಲಿಡು. ಒಳಗೆ ಕ್ಯಾಮೆರಾಗಳಿವೆ. ಕೋಲು ಚೆಂಡಿಗೆ ತಾಗುವ ಕ್ಷಣವನ್ನು ಅವು ಹಿಡಿಯುತ್ತವೆ. ಪೆಟ್ಟಿಗೆಯ ತಳದಲ್ಲಿ ಸಣ್ಣ ಬಿಳಿ ಚುಕ್ಕಿಗಳ ಹಾಳೆ ಇದೆ, ಅದರಲ್ಲಿ ನಾಲ್ಕನ್ನು ಕಿತ್ತು ಕೋಲಿನ ಮುಖಕ್ಕೆ ಅಂಟಿಸು. ಕೋಲಿನ ವೇಗ, ಚೆಂಡಿನ ವೇಗ, ಕೋಲು ಯಾವ ದಾರಿಯಲ್ಲಿ ಬಂತು, ಅದರ ಮುಖ ಯಾವ ಕಡೆಗಿತ್ತು, ಚೆಂಡು ಎಷ್ಟು ಎತ್ತರಕ್ಕೆ ಎದ್ದು ಎಷ್ಟು ಗಜ ಹಾರುತ್ತಿತ್ತು, ಎಲ್ಲವೂ ಮೊಬೈಲಿನಲ್ಲಿ ಬರುತ್ತದೆ. ಚೆಂಡು ನಿಜವಾಗಿ ಅಷ್ಟು ದೂರ ಹಾರಬೇಕಾಗಿಲ್ಲ, ಹತ್ತಡಿ ಮುಂದೆ ಬಲೆ ಕಟ್ಟಿದ್ದರೂ ಲೆಕ್ಕ ಸಿಗುತ್ತದೆ. ಅಪ್ಪನ ಹುಳದ ಮನೆ ಉದ್ದವಾಗಿದೆಯಲ್ಲ, ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ರೇಷ್ಮೆ ಹುಳ ತರುವವರೆಗೆ ಅದು ಖಾಲಿ ತಾನೆ? ಕೇಳಿ ನೋಡು.

ಇನ್ನೊಂದು ಮಾತು. ನೀನು ಹೊಡೆದ ಪ್ರತಿ ಹೊಡೆತದ ಲೆಕ್ಕವೂ ತಾನಾಗಿ ನನ್ನ ಕಂಪ್ಯೂಟರಿಗೆ ಬರುತ್ತದೆ. ನಾನು ನೋಡುವುದು ಬೇಡವೆಂದರೆ ಅದನ್ನು ನಿಲ್ಲಿಸಬಹುದು. ಮೊಬೈಲಿನಲ್ಲಿ ‘ಶೇರ್’ ಅಂತಿದೆ, ಅದನ್ನು ಒತ್ತಿದರೆ ಆಯಿತು. ನಾನು ಏನೂ ಅಂದುಕೊಳ್ಳುವುದಿಲ್ಲ.

ನಿನ್ನ ಮಗಳು,
ಹರಿಣಿ


ಮಂಡಿಕಲ್
22 ಸೆಪ್ಟೆಂಬರ್ 2024

ಹರಿಣಿ,

ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮಾರನೆಯ ದಿನ ನಿಮ್ಮಪ್ಪ ಹುಳದ ಮನೆಯ ಬೀಗದ ಕೈ ಕೊಟ್ಟರು. ಗುಡಿಸಿ, ಔಷಧಿ ಹೊಡೆದು ಒಣಗಿಸಲು ಅವರಿಗೆ ಜಾಗ ಬಿಟ್ಟುಕೊಡಬೇಕು ಎಂಬುದೊಂದೇ ಷರತ್ತು. ಕ್ರಿಕೆಟ್ ಹುಡುಗರು ಕಟ್ಟುವ ಬಲೆ ತಂದು ಆ ತುದಿಗೆ ಇಳಿಬಿಟ್ಟಿದ್ದೇವೆ, ಅದರ ಹಿಂದೆ ನಮ್ಮ ಮದುವೆಯ ಕಾಲದ ಜಮಖಾನ. ಮೊದಲ ಚೆಂಡು ಬಡಿದಾಗ ನಿಮ್ಮ ಸೋದರತ್ತೆ ಮುನಿಗಂಗಮ್ಮ ಹಿಪ್ಪುನೇರಳೆ ತೋಟದಿಂದ ಕುಡುಗೋಲು ಹಿಡಿದೇ ಓಡಿಬಂದರು. “ಏಮಮ್ಮಾ ಇದಿ, ಹುಳದ ಮನೇಲಿ ಗುಂಡು ಹೊಡ್ದಂಗೆ ಸದ್ದು?” ಅಂದರು. ಆಮೇಲೆ ಅಲ್ಲೇ ಗೋಡೆಗೊರಗಿ ಕೂತು, ಪ್ರತಿ ಚೆಂಡಿಗೂ ಮೊಬೈಲು ಏನು ಹೇಳಿತು ಎಂದು ಕೇಳುತ್ತಿದ್ದರು.

ಅದು ಹೇಳಿದ್ದು ಇಷ್ಟು: ಕೋಲಿನ ವೇಗ ಗಂಟೆಗೆ ಅರವತ್ತಾರು ಮೈಲಿ, ಚೆಂಡು ಹಾರುವುದು ನೂರು ಗಜಕ್ಕೂ ಕಡಿಮೆ. ನಲವತ್ತೈದನೆಯ ವಯಸ್ಸಿನಲ್ಲಿ ನಾನು ನೂರೆಪ್ಪತ್ತು ಹಾರಿಸುತ್ತಿದ್ದೆ. ಹಳೆಯ ಯಂತ್ರ, ತಪ್ಪು ಹೇಳುತ್ತಿರಬಹುದು ಅಂದುಕೊಂಡು ಇನ್ನೂ ಬಲ ಹಾಕಿ ಹೊಡೆದೆ. ನೂರು ದಾಟಲಿಲ್ಲ. ಮತ್ತಷ್ಟು ಬಲ ಹಾಕಿದೆ. ಭುಜಕ್ಕೆ ಐಸ್ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನೀನು ಹೇಳಿದ ಆ ‘ಶೇರ್’ ಅನ್ನು ಒತ್ತಿಲ್ಲ. ನನಗೆ ಮುಚ್ಚಿಡುವಂಥದ್ದು ಏನೂ ಇಲ್ಲ.

ಅಮ್ಮ


ಪುಣೆ
1 ಅಕ್ಟೋಬರ್ 2024

ಪ್ರೀತಿಯ ಅಮ್ಮ,

ಯಂತ್ರ ಹಳೆಯದಾದರೂ ತಪ್ಪು ಹೇಳುತ್ತಿಲ್ಲ. ನಿನ್ನ ಕಾಗದ ಬರುವ ಮೊದಲೇ ನಾನು ಎಲ್ಲ ಹೊಡೆತಗಳನ್ನೂ ನೋಡಿದ್ದೆ. ಕೂತು ಒಂದೊಂದಾಗಿ ನೋಡಿದೆ.

ನೀನು ಬಲ ಹೆಚ್ಚಿಸಿದಾಗ ಕೋಲಿನ ವೇಗ ಎಪ್ಪತ್ತಕ್ಕೆ ಏರಿದೆ, ಆದರೆ ಚೆಂಡಿನ ವೇಗ ಇಳಿದಿದೆ. ಅಂದರೆ ಚೆಂಡು ಕೋಲಿನ ನಡುಮಧ್ಯಕ್ಕೆ ತಾಗದೆ ಅಂಚಿಗೆ ತಾಗುತ್ತಿದೆ. ಹಾಕಿದ ಬಲವೆಲ್ಲ ಪೋಲು. ಎರಡನೆಯದು, ಕೋಲು ಮೇಲಿನಿಂದ ಕೆಳಕ್ಕೆ ಕೊಡಲಿಯ ಹಾಗೆ ಇಳಿಯುತ್ತಿದೆ, ಹೊರಗಿನಿಂದ ನಿನ್ನ ಕಡೆಗೆ ಎಳೆದುಕೊಳ್ಳುತ್ತಾ ಬರುತ್ತಿದೆ. ಮುಖ ಮಾತ್ರ ಬಲಕ್ಕೆ ತೆರೆದಿದೆ. ಚೆಂಡು ಬಲಕ್ಕೆ ಬಾಗುವುದು ಅದಕ್ಕೇ. ಎಡಭುಜಕ್ಕೆ ನೋವಾದೀತೆಂದು ಮೈ ತಾನಾಗಿಯೇ ಈ ದಾರಿ ಹಿಡಿದಿದೆ, ಅದು ನಿನ್ನ ತಪ್ಪಲ್ಲ.

ಹೀಗೆ ಮಾಡು. ಚೆಂಡನ್ನು ಎಡ ಹಿಮ್ಮಡಿಯ ನೇರಕ್ಕೆ ತಾ. ಚೆಂಡಿಡುವ ಮೊಳೆಯನ್ನು ಅರ್ಧ ಬೆರಳು ಎತ್ತರಿಸು. ಕೋಲು ಕೆಳಗಿನಿಂದ ಮೇಲಕ್ಕೆ ಏಳುವಾಗ ಚೆಂಡಿಗೆ ತಾಗಲಿ. ಮುಖ್ಯವಾಗಿ ಅರ್ಧ ಬಲದಲ್ಲಿ ಹೊಡೆ. ಅರ್ಧ ಎಂದರೆ ಅರ್ಧವೇ.

ಒಂದು ಮಾತು ಹೇಳಲಾ? ಬಾಗಿಲು ಮುಚ್ಚಿದ ಹುಳದ ಮನೆಯಲ್ಲೂ ನೀನು ಯಾರೋ ನೋಡುತ್ತಿದ್ದಾರೆ ಎಂಬಂತೆ ಹೊಡೆಯುತ್ತೀಯ. ಅಲ್ಲಿ ಅತ್ತೆ ಬಿಟ್ಟರೆ ಯಾರೂ ಇಲ್ಲ ಅಮ್ಮ.

ಹರಿಣಿ


ಮಂಡಿಕಲ್
13 ನವೆಂಬರ್ 2024

ಮಗಳೇ ಹರಿಣಮ್ಮ,

ನಿಮ್ಮಮ್ಮನಿಂದ ಕಾಗದ ಬರಲಿಲ್ಲ, ಯಂತ್ರದ ಲೆಕ್ಕವೂ ಬರುತ್ತಿಲ್ಲ ಎಂದು ಫೋನಿನಲ್ಲಿ ಕೇಳಿದೆಯಲ್ಲ, ಆಗ ಅವಳು ಪಕ್ಕದಲ್ಲೇ ಇದ್ದಳು. ಹುಳದ ಮನೆಯಲ್ಲಿ ಬೆಳೆ ಇದೆ ಎಂದು ಹೇಳಿಬಿಟ್ಟೆ. ಬೆಳೆ ಎದ್ದು ಹತ್ತು ದಿನವಾಯಿತು. ಮನೆ ಖಾಲಿಯಿದೆ, ಅವಳು ಆ ಕಡೆ ಹೋಗುತ್ತಿಲ್ಲ.

ನಿನ್ನ ಕಾಗದದ ಕೊನೆಯ ಸಾಲು ಅವಳಿಗೆ ನಾಟಿದೆ. ನೀನು ಬೇಕೆಂದು ಬರೆದದ್ದಲ್ಲ, ನನಗೆ ಗೊತ್ತು. ಆದರೆ ಒಂದು ಸಂಗತಿ ನಿನಗೆ ಯಾರೂ ಹೇಳಿರಲಾರರು, ಅವಳಂತೂ ಹೇಳುವವಳಲ್ಲ.

ನಿಮ್ಮ ತಾತ, ಅವಳ ಅಪ್ಪ ಗಂಗುಲಪ್ಪನವರು ನಂದಿ ಬೆಟ್ಟದ ತೋಟದಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಬೆಟ್ಟಕ್ಕೆ ಬಂದವರು ಆ ಹುಲ್ಲಿನ ಮೇಲೆ ಕೂರಬಹುದಿತ್ತು, ತಾತನ ಮಕ್ಕಳು ಕಲ್ಲಿನ ಮೇಲೆ ಕೂತು ಬುತ್ತಿ ಉಣ್ಣಬೇಕಿತ್ತು. ಅಂಥ ಮನೆಯ ಹುಡುಗಿ ನರ್ಸಿಂಗ್ ಓದಿ, ಸೇನೆಗೆ ಸೇರಿ ಲೆಫ್ಟಿನೆಂಟ್ ಆದಳು. ಮೊದಲ ಸಲ ಗಾಲ್ಫ್ ಮೈದಾನಕ್ಕೆ ಹೋದಾಗ ಒಬ್ಬ ದೊಡ್ಡ ಅಧಿಕಾರಿಯ ಹೆಂಡತಿ ಇವಳನ್ನು ಮೇಲಿಂದ ಕೆಳಗೆ ನೋಡಿ, ತನ್ನ ಚೀಲವನ್ನು ಇವಳ ಕೈಗೆ ಕೊಟ್ಟು ಹೊತ್ತುಕೊಂಡು ಬಾ ಅಂದಳಂತೆ. ಇವಳು ಚೀಲವನ್ನು ಹೊತ್ತಳು. ಒಂಬತ್ತು ಗುಳಿ ಮುಗಿದಮೇಲೆ ಅದರಿಂದಲೇ ಒಂದು ಕೋಲು ತೆಗೆದು, ಚೆಂಡಿಟ್ಟು ಹೊಡೆದಳು. ನಮ್ಮ ಹಳ್ಳಿಯಲ್ಲಿ ಚಿನ್ನಿದಾಂಡು ಆಡಿದ ಕೈ, ತಾಗಿತು. ಆಮೇಲೆ ತನ್ನ ಹೆಸರು, ಹುದ್ದೆ ಹೇಳಿ ಸೆಲ್ಯೂಟ್ ಹೊಡೆದು ಬಂದಳು. ಆ ಸಂಜೆ ನನಗೆ ಬರೆದ ಕಾಗದದಲ್ಲಿ ಇದಿಷ್ಟೇ ಇತ್ತು, ಬೇಜಾರು ಅಂತ ಒಂದು ಮಾತೂ ಇರಲಿಲ್ಲ.

ಅದಕ್ಕೇ ಹೇಳಿದೆ. ಯಾರೋ ನೋಡುತ್ತಿದ್ದಾರೆ ಎನ್ನುವುದು ಅವಳ ಭ್ರಮೆಯಲ್ಲ ಕಣಮ್ಮ. ಮೂವತ್ತು ವರ್ಷ ನೋಡುತ್ತಲೇ ಇದ್ದರು.

ಈ ಕಾಗದದ ಬಗ್ಗೆ ಅವಳಿಗೆ ಹೇಳಬೇಡ. ಮುಂದಿನ ಹುಳ ತರುವುದನ್ನು ಹದಿನೈದು ದಿನ ಮುಂದೂಡಿದ್ದೇನೆ. ಸೊಪ್ಪು ಬಲಿಯಲಿ ಎಂದು ಕಾರಣ ಕೊಟ್ಟಿದ್ದೇನೆ.

ನಿನ್ನ ಅಪ್ಪ,
ನರಸಿಂಹಮೂರ್ತಿ


ಮಂಡಿಕಲ್
8 ಡಿಸೆಂಬರ್ 2024

ಹರಿಣಿ,

ಅರ್ಧ ಬಲದಲ್ಲಿ ಹೊಡೆದೆ.

ಒಪ್ಪಿ ಹೊಡೆದದ್ದಲ್ಲ. ಯಂತ್ರವನ್ನು ನಿನಗೆ ವಾಪಸು ಕಳಿಸುವ ಮೊದಲು, ನೀನು ಹೇಳಿದ್ದು ತಪ್ಪೆಂದು ತೋರಿಸಿ ಕಳಿಸೋಣ ಅಂದುಕೊಂಡಿದ್ದೆ. ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಎಲ್ಲರೂ ಹೋದಮೇಲೆ ಬಾಗಿಲು ಎಳೆದುಕೊಂಡು ನಿಂತೆ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ, ಮೊಳೆ ಎತ್ತರಕ್ಕೆ. ವಾರ್ಡಿನಲ್ಲಿ ಮಲಗಿದ ರೋಗಿ ಎಚ್ಚರವಾಗದ ಹಾಗೆ ಬಾಗಿಲು ಹಾಕುತ್ತೇವಲ್ಲ, ಅಷ್ಟು ಮೆತ್ತಗೆ ಬೀಸಿದೆ. ಸದ್ದು ಬೇರೆಯೇ ಬಂತು. ಕೋಲಿನ ವೇಗ ಅರವತ್ತೆರಡಕ್ಕೆ ಇಳಿದಿತ್ತು, ಚೆಂಡಿನ ವೇಗ ಹಿಂದೆಂದಿಗಿಂತ ಹೆಚ್ಚಾಗಿತ್ತು. ಯಂತ್ರ ಕೆಟ್ಟಿತೆಂದು ಮತ್ತೆ ಹೊಡೆದೆ. ಮತ್ತೂ ಅದೇ. ಹುಳದ ಮನೆಯ ನಡುವೆ ಒಬ್ಬಳೇ ನಿಂತು ನಕ್ಕುಬಿಟ್ಟೆ. ಇದೆಲ್ಲ ನಿನ್ನ ಕಂಪ್ಯೂಟರಿನಲ್ಲಿ ಬಂದಿರುತ್ತದೆ, ನಗು ಮಾತ್ರ ಬಂದಿರುವುದಿಲ್ಲ.

ಯಂತ್ರ ಸರಿಯಾಗಿಯೇ ಇದೆ. ಅದನ್ನು ಓದಿದವಳೂ ಸರಿಯಾಗಿಯೇ ಓದಿದ್ದಾಳೆ.

ಈಗ ನಾನೊಂದು ಕೇಳುತ್ತೇನೆ. ರಾಜ್ಯ ತಂಡದಲ್ಲಿದ್ದವಳು, ಗೆಲ್ಲುತ್ತಿದ್ದವಳು, ಕೋಲ್ಕತ್ತದ ಪಂದ್ಯದಿಂದ ಬಂದು ಕೋಲುಗಳನ್ನು ಅಟ್ಟದ ಮೇಲಿಟ್ಟೆ. ಯಾಕೆ ಎಂದರೆ ಸಾಕಾಯಿತು ಅಂದೆ. ಅದು ಉತ್ತರವಲ್ಲ. ನಾನು ನಿನ್ನನ್ನು ಬೈಯಲು ಕೇಳುತ್ತಿಲ್ಲ.

ಅಮ್ಮ


ಪುಣೆ
22 ಡಿಸೆಂಬರ್ 2024

ಅಮ್ಮ,

ಮೂರು ಹಾಳೆ ಹರಿದಮೇಲೆ ಇದು ನಾಲ್ಕನೆಯದು.

ಕೋಲ್ಕತ್ತದ ಕೊನೆಯ ದಿನ ಒಂಬತ್ತನೇ ಗುಳಿಯವರೆಗೆ ನಾನೇ ಮುಂದಿದ್ದೆ, ನೆನಪಿದೆಯಾ? ನನ್ನ ಜೊತೆ ಆಡುತ್ತಿದ್ದ ಹುಡುಗಿಯ ಚೆಂಡು ಪ್ರತಿ ಸಲವೂ ಎಡಕ್ಕೆ ತಿರುಗುತ್ತಿತ್ತು. ಪಾಪ, ಅವಳು ಅಳುವಂತಾಗಿದ್ದಳು. ಅವಳ ಬಲಮೊಣಕಾಲು ಒಂದು ಕ್ಷಣ ಮೊದಲೇ ಸಡಿಲವಾಗುವುದು ನನಗೆ ಇದ್ದಕ್ಕಿದ್ದಂತೆ ಕಾಣಿಸಿತು. ಅಲ್ಲಿಂದಾಚೆಗೆ ನನ್ನ ಆಟ ನನಗೆ ಬೇಡವಾಯಿತು. ಅವಳು ಹೊಡೆಯುವುದನ್ನೇ ಕಾಯುತ್ತಿದ್ದೆ. ಒಂದು ಹೊಡೆತದಲ್ಲಿ ಸೋತೆ. ಆಟ ಮುಗಿದಮೇಲೆ ಅವಳನ್ನು ಕರೆದುಕೊಂಡು ಹೋಗಿ ಮೊಣಕಾಲಿನ ವಿಷಯ ಹೇಳಿದೆ, ಅವಳು ಅಲ್ಲೇ ಹೊಡೆದು ನೋಡಿದಳು. ಚೆಂಡು ನೆಟ್ಟಗೆ ಹೋಯಿತು. ನನಗೆ ಯಾವ ಕಪ್ ಗೆದ್ದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ.

ಅದನ್ನು ಹೇಳಲೆಂದೇ ನಿನ್ನ ಹತ್ತಿರ ಓಡಿಬಂದೆ. ನೀನು ಸಮವಸ್ತ್ರದಲ್ಲಿ ಹಗ್ಗದ ಆಚೆ ನಿಂತಿದ್ದೆ. ನಾನು ಬಾಯಿ ತೆರೆಯುವ ಮೊದಲೇ, ನಾಳೆಯಿಂದ ಐದು ಗಂಟೆಗೆ ಪ್ರಾಕ್ಟೀಸು ಅಂದೆ.

ನಾನು ಸೋತು ಬಿಡಲಿಲ್ಲ ಅಮ್ಮ. ಬೇರೆ ಏನೋ ಸಿಕ್ಕಿತು, ಅದನ್ನು ಹಿಡಿಯಲು ಕೈ ಖಾಲಿ ಮಾಡಿಕೊಂಡೆ. ನಿನಗೆ ಅದನ್ನು ವಿವರಿಸಲು ಬರಲಿಲ್ಲ, ಸಾಕಾಯಿತು ಅಂದುಬಿಟ್ಟೆ.

ಇನ್ನು ಕೋಲಿನ ದಾರಿ ತಿದ್ದೋಣ. ಚೆಂಡಿನ ಆಚೆ, ನಾಲ್ಕು ಬೆರಳು ದೂರದಲ್ಲಿ ಒಂದು ಖಾಲಿ ಚಪ್ಪಲಿ ಡಬ್ಬ ಇಡು. ಕೋಲು ಹೊರಗಿನಿಂದ ಬಂದರೆ ಮೊದಲು ಡಬ್ಬಕ್ಕೆ ಬಡಿಯುತ್ತದೆ. ಡಬ್ಬ ಉಳಿಯಬೇಕು, ಚೆಂಡು ಹೋಗಬೇಕು.

ಹರಿಣಿ


ಮಂಡಿಕಲ್
26 ಜನವರಿ 2025

ಹರಿಣಿ,

ಮನೆಯಲ್ಲಿ ಒಂದು ಚಪ್ಪಲಿ ಡಬ್ಬವೂ ಉಳಿದಿಲ್ಲ. ಚಿಕ್ಕಬಳ್ಳಾಪುರದ ಅಂಗಡಿಯವನು ನನ್ನನ್ನು ಕಂಡರೆ ಈಗ ತಾನಾಗಿಯೇ ಖಾಲಿ ಡಬ್ಬಗಳನ್ನು ಕಟ್ಟಿ ಕೊಡುತ್ತಾನೆ. ಸಂಕ್ರಾಂತಿಯ ಮುಂಚಿನ ವಾರದಿಂದ ಡಬ್ಬಗಳು ಉಳಿಯತೊಡಗಿವೆ.

ಹುಳದ ಮನೆಗೆ ಮತ್ತೆ ಬೆಳೆ ಬಂದಿದೆ, ನನ್ನನ್ನು ಹೊರಗೆ ಹಾಕಿದ್ದಾರೆ. ಆದ್ದರಿಂದ ಗುರುವಾರ ನಂದಿ ತಪ್ಪಲಿನ ಮೈದಾನಕ್ಕೇ ಹೋದೆ. ಐದಾರು ತಿಂಗಳ ಮೇಲೆ ಬಯಲಿನಲ್ಲಿ ಹೊಡೆದೆ. ಸ್ಕಂದಗಿರಿಯ ಮೇಲಿನ ಮಂಜು ಇನ್ನೂ ಇಳಿದಿರಲಿಲ್ಲ. ಚೆಂಡು ಎದ್ದಿತು, ಬಾಗಲಿಲ್ಲ. ಅದು ಬಿದ್ದ ಜಾಗಕ್ಕೆ ನಡೆದುಕೊಂಡು ಹೋಗುವಾಗ, ಹಿಂದೆಂದೂ ಇಲ್ಲದ ಹಾಗೆ, ನಿಧಾನವಾಗಿ ಹೋದೆ.

ನಿನ್ನ ಕಾಗದ ಓದಿದೆ. ಕೋಲ್ಕತ್ತದಲ್ಲಿ ಆ ಹುಡುಗಿಯನ್ನು ನೀನು ಪಕ್ಕಕ್ಕೆ ಕರೆದುಕೊಂಡು ಹೋದದ್ದನ್ನು ನಾನು ನೋಡಿದ್ದೆ. ಸೋತದ್ದಕ್ಕೆ ಅಳಲು ಹೋದಳು ಎಂದುಕೊಂಡಿದ್ದೆ.

ಪಂದ್ಯಕ್ಕೆ ಹೆಸರು ಕೊಟ್ಟಿದ್ದೇನೆ. ಅಲ್ಲಿನ ಕೊನೆಯ ಗುಳಿಗೆ ಕೆರೆ ಅಡ್ಡ ಇದೆ. ನೇರವಾಗಿ ನೀರಿನ ಮೇಲೆ ಹಾರಿಸಬೇಕಾದರೆ ನೂರಿಪ್ಪತ್ತೈದು ಗಜ ಬೇಕು, ಇಲ್ಲವಾದರೆ ಎಡಕ್ಕೆ ಸುತ್ತಿಕೊಂಡು ಒಂದು ಹೊಡೆತ ಹೆಚ್ಚು ಹಾಕಿ ಹೋಗಬೇಕು. ನಾನು ನಿಜವಾಗಿ ಎಷ್ಟು ಹಾರಿಸುತ್ತೇನೆ? ನನಗೆ ಹಿತವಾಗುವ ಹಾಗೆ ಹೇಳಬೇಡ.

ಅಮ್ಮ


ಪುಣೆ
12 ಫೆಬ್ರವರಿ 2025

ಪ್ರೀತಿಯ ಅಮ್ಮ,

ನಿನ್ನ ಒಳ್ಳೆಯ ಹೊಡೆತಗಳನ್ನೂ ಕೆಟ್ಟ ಹೊಡೆತಗಳನ್ನೂ ತೆಗೆದಿಟ್ಟು, ನಡುವಿನವನ್ನು ಮಾತ್ರ ನೋಡಿದೆ. ನೂರಮೂವತ್ತನಾಲ್ಕು ಗಜ. ಬೆಳಗಿನ ಚಳಿಯಲ್ಲಿ ನಾಲ್ಕೈದು ಗಜ ಕಡಿಮೆ ಮಾಡಿಕೋ. ಎದುರು ಗಾಳಿ ಇದ್ದರೆ ಸುತ್ತಿಕೊಂಡು ಹೋಗು. ಗಾಳಿ ಇಲ್ಲದಿದ್ದರೆ ಕೆರೆ ನಿನ್ನದು. ಇದು ಮಗಳ ಮಾತಲ್ಲ, ನಾನು ಇಲ್ಲಿ ಯಾರಿಗಾದರೂ ಹೇಳುವುದು ಹೀಗೆಯೇ.

ಒಂದು ಸುದ್ದಿ ಇದೆ. ದೇಶದ ಮಹಿಳಾ ತಂಡದ ಶಿಬಿರ ಮಾರ್ಚ್ ಪೂರ್ತಿ ನಮ್ಮ ಅಕಾಡೆಮಿಯಲ್ಲೇ ನಡೆಯುತ್ತದೆ. ಎಲ್ಲ ಆಟಗಾರ್ತಿಯರ ಹೊಡೆತ ನೋಡಿ ಲೆಕ್ಕ ಹೇಳುವ ಕೆಲಸ ನನಗೆ ಕೊಟ್ಟಿದ್ದಾರೆ. ನಿನ್ನ ಪಂದ್ಯವೂ ಅದೇ ತಿಂಗಳು. ಎರಡು ದಿನ ರಜೆ ಕೇಳುತ್ತೇನೆ, ನಿನ್ನ ಚೀಲ ನಾನು ಹೊರುತ್ತೇನೆ. ಬರಲಾ?

ಹರಿಣಿ


ಮಂಡಿಕಲ್
20 ಫೆಬ್ರವರಿ 2025

ಹರಿಣಿ,

ಬರಬೇಡ. ನಿನ್ನನ್ನು ನಂಬಿ ಅಷ್ಟು ಜನ ಬರುತ್ತಿರುವಾಗ ಜಾಗ ಬಿಟ್ಟು ಬರುವುದು ಸರಿಯಲ್ಲ. ನನ್ನ ಚೀಲ ನಿಮ್ಮಪ್ಪ ಹೊರುತ್ತಾರೆ. ಅವರಿಗೆ ಯಾವ ಕೋಲು ಯಾವುದು ಎಂದು ಗೊತ್ತಿಲ್ಲ, ನನಗೆ ಗೊತ್ತಿದೆ.

ದೇಶದ ತಂಡ ಎಂದು ಬರೆದಿದ್ದ ಕಡೆ ನಿಮ್ಮತ್ತೆ ಮುನಿಗಂಗಮ್ಮ ಕೈಯಿಟ್ಟು ಇನ್ನೊಂದು ಸಲ ಓದಿಸಿದರು.

ಅಮ್ಮ


ಮಂಡಿಕಲ್
10 ಮಾರ್ಚ್ 2025

ಮಗಳೇ ಹರಿಣಮ್ಮ,

ಎರಡನೇ ಸ್ಥಾನ ಬಂತು ಎಂದು ನಿಮ್ಮಮ್ಮ ನಿನ್ನೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿ ಇಟ್ಟುಬಿಟ್ಟಳಲ್ಲ. ನಡೆದದ್ದು ಅಷ್ಟೇ ಅಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಜೊತೆ ಆಡಿದವರು ಕರ್ನಲ್ ಅನಸೂಯಮ್ಮ. ನಿಮ್ಮಮ್ಮನಿಗಿಂತ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತರಾದವರು, ಚಿಂತಾಮಣಿ ಕಡೆಯವರು. ಒಳ್ಳೆಯ ಹೆಂಗಸು, ಮಾತು ಮಾತ್ರ ನೇರ. ಕೊನೆಯ ಗುಳಿಗೆ ಬರುವಾಗ ಅವರು ಒಂದು ಹೊಡೆತ ಮುಂದಿದ್ದರು. ಕೆರೆಯ ಹತ್ತಿರ ನಿಂತಾಗ, “ತನುಜಾ, ಭುಜ ಕೊಯ್ಸಿಕೊಂಡಿದ್ದೀಯ, ಸುಮ್ನೆ ಸುತ್ಕೊಂಡು ಹೋಗು,” ಅಂದರು. ನಾನೂ ಚೀಲ ಕೆಳಗಿಟ್ಟು ಅದನ್ನೇ ಹೇಳಬೇಕೆಂದಿದ್ದೆ. ನಿಮ್ಮಮ್ಮ ಸ್ವಲ್ಪ ಹುಲ್ಲು ಕಿತ್ತು ಗಾಳಿಗೆ ಬಿಟ್ಟಳು. ಅದು ನೇರ ಕೆಳಗೆ ಬಿತ್ತು. ಉದ್ದ ಕೋಲು ಕೇಳಿದಳು.

ನಾನು ಅವಳ ಆಟವನ್ನು ಹಿಂದೆಯೂ ನೋಡಿದ್ದೇನೆ. ಹಲ್ಲು ಕಚ್ಚಿ, ಕತ್ತಿನ ನರ ಎದ್ದು ಕಾಣುವ ಹಾಗೆ ಹೊಡೆಯುತ್ತಿದ್ದಳು. ಈ ಸಲ ಹಾಗಲ್ಲ. ಜೋಕಾಲಿ ಬಿಟ್ಟ ಹಾಗೆ ಕೋಲು ಹೋಗಿ ಬಂತು. ಚೆಂಡು ನೀರಿನ ಮೇಲೆ ಹಾರಿತು. ಆಚೆ ದಡದ ಹುಲ್ಲಿನ ಮೇಲೆ ಬಿದ್ದು, ಎರಡು ಸಲ ಪುಟಿದು ನಿಂತಿತು. ಅನಸೂಯಮ್ಮ ತಾವು ಸುತ್ತಿಕೊಂಡು ಹೋದರು. ಅಲ್ಲಿಗೆ ಇಬ್ಬರೂ ಸಮ. ಆಮೇಲೆ ಗುಳಿಗೆ ತಳ್ಳುವ ಸಣ್ಣ ಹೊಡೆತದಲ್ಲಿ ನಿಮ್ಮಮ್ಮ ಒಂದನ್ನು ತಪ್ಪಿಸಿಕೊಂಡಳು, ಸೋತಳು. ಅದಕ್ಕೂ ಒಂದು ಯಂತ್ರ ಇದೆಯಾ ಎಂದು ದಾರಿಯಲ್ಲಿ ಕೇಳಿದಳು.

ನಾನು ಬರೆಯಬೇಕೆಂದಿದ್ದು ಇದಾದ ಮೇಲಿನದು. ಊಟಕ್ಕೆ ಕೂತಾಗ ಅನಸೂಯಮ್ಮ ನಿನ್ನನ್ನು ವಿಚಾರಿಸಿದರು. ಅಷ್ಟು ಚೆನ್ನಾಗಿ ಆಡುತ್ತಿದ್ದ ಹುಡುಗಿ ಯಾಕೆ ಬಿಟ್ಟಳು ಎಂದು ಕೇಳಿದರು. ಈ ಪ್ರಶ್ನೆ ನಮಗೆ ಹೊಸದಲ್ಲ. ಯಾರೇ ಕೇಳಿದರೂ ನಿಮ್ಮಮ್ಮ, ಮಣಿಕಟ್ಟಿಗೆ ಪೆಟ್ಟಾಗಿದೆ ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ತಲೆಯಾಡಿಸುತ್ತಿದ್ದೆ. ನಿನಗೆ ಇದು ಗೊತ್ತಿತ್ತೋ ಇಲ್ಲವೋ. ಈ ಸಲವೂ ತಲೆಯಾಡಿಸಲು ನಾನು ತಯಾರಾಗಿದ್ದೆ.

ನಿಮ್ಮಮ್ಮ ತಟ್ಟೆ ಸರಿಸಿದಳು. “ಬಿಟ್ಟಿಲ್ಲ ಮೇಡಂ,” ಅಂದಳು. “ಮುಂಚೆ ಆಡ್ತಿದ್ಲು. ಈಗ ಆಡಿಸ್ತಾಳೆ. ಇವತ್ತು ಕೆರೆ ದಾಟ್ಸಿದ್ದೂ ಅವಳೇ.”

ಮೇಜಿನಲ್ಲಿದ್ದ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಊಟ ತಣ್ಣಗಾಗುವವರೆಗೂ ಆ ಅಧಿಕಾರಿಗಳೆಲ್ಲ ನಿನ್ನ ಯಂತ್ರದ ಬಗ್ಗೆ ಕೇಳುವುದು, ಇವಳು ಚಮಚ ಹಿಡಿದು ಕೋಲಿನ ದಾರಿ ತೋರಿಸುವುದು. ನನ್ನ ಹೆಂಡತಿ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಆಸ್ಪತ್ರೆಯ ವಾರ್ಡಿನಲ್ಲಿ ಮಾತ್ರ ಕೇಳಿದ್ದೆ.

ಹುಳ ಮೂರನೇ ಜ್ವರದಿಂದ ಎದ್ದಿವೆ, ಚರ್ಮ ಬಿಟ್ಟಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹೋಗುತ್ತೇನೆ.

ನಿನ್ನ ಅಪ್ಪ,
ನರಸಿಂಹಮೂರ್ತಿ


ಪುಣೆ
23 ಮಾರ್ಚ್ 2025

ಮೂರ್ತಿಯವರೇ,

ಕೆಲಸದಲ್ಲಿದ್ದಾಗ ಪ್ರತಿ ಊರಿನಿಂದಲೂ ನಿಮಗೆ ಬರೆಯುತ್ತಿದ್ದೆನಲ್ಲ, ಆ ಅಭ್ಯಾಸ ಹೋಗಿಲ್ಲ. ಹಿಂದೂಪುರದಲ್ಲಿ ರೈಲು ಹತ್ತಿಸಿ ಹೋದಿರಿ, ನೀವು ಗೌರಿಬಿದನೂರು ತಲುಪುವ ಹೊತ್ತಿಗೆ ನಾನು ನೀವು ಕಟ್ಟಿಕೊಟ್ಟ ಚಿತ್ರಾನ್ನ ಮುಗಿಸಿದ್ದೆ. ಪಕ್ಕದ ಸೀಟಿನವರು ಎಲ್ಲಿಗೆ ಎಂದು ಕೇಳಿದಾಗ, ಮಗಳು ಕೆಲಸ ಮಾಡುವುದನ್ನು ನೋಡಲು ಎಂದೆ. ಕೆಲಸ ಮಾಡುವುದನ್ನು ನೋಡುವುದಕ್ಕಾ ಎಂದು ಅವರಿಗೆ ಅಚ್ಚರಿ.

ಬರುತ್ತೇನೆಂದು ಹರಿಣಿಗೆ ತಿಳಿಸಿರಲಿಲ್ಲ. ಆಟೋದವನು ಅಕಾಡೆಮಿಯ ಗೇಟಿನಲ್ಲಿ ಇಳಿಸಿದ. ಒಳಗೆ ಸಾಲಾಗಿ ಆಟಗಾರ್ತಿಯರು ಹೊಡೆಯುತ್ತಿದ್ದರು. ನಾನು ಹಿಂದಿನ ಕಂಬದ ಹತ್ತಿರ ನಿಂತೆ.

ನಮ್ಮ ಹುಡುಗಿ ಸ್ವಲ್ಪ ಇಳಿದಿದ್ದಾಳೆ. ಕೂದಲು ಗಿಡ್ಡ ಮಾಡಿಸಿದ್ದಾಳೆ, ಚೆನ್ನಾಗಿ ಕಾಣುತ್ತಾಳೆ. ಯಂತ್ರದ ಪಕ್ಕ ಒಂದು ಮೋಟು ಸ್ಟೂಲಿನ ಮೇಲೆ ಕೂತಿದ್ದಳು. ಟಿವಿಯಲ್ಲಿ ನಾವು ನೋಡುವ ಆಟಗಾರ್ತಿ ಒಬ್ಬಳು ಇವಳ ಎದುರಿಗೆ ಹೊಡೆಯುತ್ತಿದ್ದಳು, ಹೊಡೆದ ಕೂಡಲೇ ಪರದೆಯ ಕಡೆ ನೋಡುವುದು, ಮುಖ ಸಣ್ಣ ಮಾಡಿಕೊಳ್ಳುವುದು. ಹತ್ತು ಚೆಂಡಾದರೂ ಹೀಗೆಯೇ. ಹರಿಣಿ ಎದ್ದು ಪರದೆಯನ್ನು ಆ ಕಡೆ ತಿರುಗಿಸಿಬಿಟ್ಟಳು. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಆ ಹುಡುಗಿ ಕಣ್ಣು ಮುಚ್ಚಿ ಒಂದೆರಡು ಸಲ ಬರಿದೇ ಬೀಸಿದಳು, ಆಮೇಲೆ ಚೆಂಡಿಟ್ಟು ಹೊಡೆದಳು. ಆ ಸದ್ದು ನನಗೆ ಗೊತ್ತು. ತರಬೇತುದಾರರು, ವೈದ್ಯರು ಎಲ್ಲ ಅಲ್ಲೇ ನಿಂತಿದ್ದರು. ಆದರೆ ಆ ಹುಡುಗಿ ತಿರುಗಿ ನೋಡಿದ್ದು ನಮ್ಮವಳನ್ನು. ಹರಿಣಿ ಹುಬ್ಬು ಏರಿಸಿ ತಲೆಯಾಡಿಸಿದಳು. ಅಷ್ಟೇ. ಆ ಹುಡುಗಿಯ ಮುಖ ಅರಳಿತು.

ನಾನು ಎಷ್ಟೋ ಮೈದಾನಗಳಲ್ಲಿ ಹಗ್ಗದ ಆಚೆ ನಿಂತು ಹರಿಣಿಯನ್ನು ನೋಡಿದ್ದೇನೆ. ಅವಳು ಇಷ್ಟು ಹಾಯಾಗಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಇದನ್ನು ಅವಳ ಮುಂದೆ ಹೇಳಲು ನನಗೆ ಬರುವುದಿಲ್ಲ. ನಿಮಗೆ ಬರೆಯುತ್ತಿದ್ದೇನೆ, ನೀವು ಅವಳಿಗೆ ಹೇಳಿಬಿಡುತ್ತೀರಿ ಎಂಬುದೂ ಗೊತ್ತು. ಕೆರೆಯ ದಿನದ ಮಾತನ್ನೂ ನೀವು ಮುಟ್ಟಿಸಿದ್ದೀರಿ, ನನ್ನನ್ನು ಕಂಡಾಗ ಅವಳು ಅಪ್ಪಿಕೊಂಡ ರೀತಿಯಲ್ಲೇ ತಿಳಿಯಿತು.

ಅವಳು ನನ್ನನ್ನು ಕಾಣುವ ಮೊದಲು ಒಂದು ಸಣ್ಣ ಪ್ರಸಂಗ ನಡೆಯಿತು. ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಕೊಂಡ ಒಬ್ಬಾಕೆ ನನ್ನ ಹತ್ತಿರ ಬಂದರು. ಅಲ್ಲಿಯ ವ್ಯವಸ್ಥೆ ನೋಡಿಕೊಳ್ಳುವವರು. ಹೊರಗಿನವರಿಗೆ ಪ್ರವೇಶವಿಲ್ಲ, ನೀವು ಯಾರು, ಯಾರನ್ನು ನೋಡಬೇಕಿತ್ತು ಎಂದು ಮರ್ಯಾದೆಯಿಂದಲೇ ಕೇಳಿದರು. ಲೆಫ್ಟಿನೆಂಟ್ ಕರ್ನಲ್ ಎಂದು ಹೇಳಬಹುದಿತ್ತು. ಹರಿಣಿಯ ತಾಯಿ ಎಂದೂ ಹೇಳಬಹುದಿತ್ತು. ಎರಡೂ ಬಾಯಿಗೆ ಬರಲಿಲ್ಲ.

ಸ್ಟೂಲಿನ ಮೇಲೆ ಕೂತಿದ್ದ ನಮ್ಮವಳನ್ನು ತೋರಿಸಿ, “ನಾನು ಹರಿಣಿಯವರ ಸ್ಟೂಡೆಂಟು,” ಅಂದೆ.

ಒಳಗೆ ಬಿಟ್ಟರು.

ನಿಮ್ಮ,
ತನುಜ